ಶ್ರುತಿ ಇಳಿಸಿದರೆ ನಾಟಕ ಇಳಿಯುವುದಿಲ್ಲ

ಮಕ್ಕಳೇ, ನಾಟಕ ನೋಡುವಾಗ ನಿಮಗೊಂದು ಅನುಮಾನ ಬಂದಿರಬಹುದು. ಚೆನ್ನಾಗಿ ಮಾತಾಡುತ್ತಿದ್ದ ಪಾತ್ರಧಾರಿ ಇದ್ದಕ್ಕಿದ್ದಂತೆ ಹಾಡತೊಡಗುತ್ತಾನಲ್ಲ, ಯಾಕೆ? ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ. ಕಂಪನಿ ನಾಟಕಗಳ ಕಾಲದ ಕತೆ ಹೇಳುತ್ತಾರೆ. ಗುಬ್ಬಿ ವೀರಣ್ಣನವರ ಕಂಪನಿಯಂಥ ಮಂಡಳಿಗಳಲ್ಲಿ ಹಾಡು ಬಾರದವರಿಗೆ ದೊಡ್ಡ ಪಾತ್ರ ಸಿಗುವುದು ಕಷ್ಟವಿತ್ತು. ಕಾಲಲ್ಲಿ ತುಳಿದು ಬಾರಿಸುವ ಹಾರ್ಮೋನಿಯಂ, ಪಕ್ಕದಲ್ಲಿ ತಬಲಾ. ಹಾಡು ಹಿಡಿಸಿದರೆ ಜನ ‘ವನ್ಸ್ ಮೋರ್’ ಎಂದು ಕೂಗುವರು. ಸತ್ತು ಬಿದ್ದ ರಾಜನೂ ಎದ್ದು ಕೂತು ಇನ್ನೊಮ್ಮೆ ಹಾಡಿ, ಮತ್ತೆ ಸಾಯುತ್ತಿದ್ದನೆಂದು ಹಿರಿಯರು ತಮಾಷೆ ಮಾಡುತ್ತಾರೆ.

ಅದೇ ಗುಬ್ಬಿ ಕಂಪನಿಯಲ್ಲಿ ಹುಡುಗನಾಗಿದ್ದಾಗ ಕೆಲಸ ಕಲಿತವರು ಬಿ. ವಿ. ಕಾರಂತರು. ಮುಂದೆ ಅವರು ದೊಡ್ಡ ನಿರ್ದೇಶಕರಾದರು. ಹಾಡನ್ನು ಕತೆಯ ಮಧ್ಯೆ ತಡೆದು ನಿಲ್ಲಿಸುವ ಬದಲು, ಹಾಡಿನಿಂದಲೇ ಕತೆ ಮುಂದೆ ಸಾಗುವಂತೆ ಮಾಡಿದರು. ಗಿರೀಶ ಕಾರ್ನಾಡರ ‘ಹಯವದನ’ 1971ರಲ್ಲಿ ಪ್ರಕಟವಾಯಿತು. ಕಾರಂತರು ಅದನ್ನು ರಂಗಕ್ಕೆ ತಂದಾಗ ಸಂಗೀತವೂ ಅವರದೇ.

ಈ ವರ್ಷ ನನ್ನ ಮೊಮ್ಮಗಳ ಕಾಲೇಜಿನಲ್ಲಿ ಅದೇ ‘ಹಯವದನ’ ಆಡಿದರು. ನಾನು ಬ್ಯಾಂಕಿನಲ್ಲಿ ಲೆಡ್ಜರ್ ತಿರುವಿದವನೆಂದು ಖರ್ಚಿನ ಪುಸ್ತಕ ನನ್ನ ಕೈಗೆ ಕೊಟ್ಟರು. ಆ ನೆಪದಲ್ಲಿ ಆರು ವಾರ ತಾಲೀಮು ನೋಡುವ ಭಾಗ್ಯ ನನ್ನದಾಯಿತು.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ದೇವದತ್ತ ಕವಿ, ಬುದ್ಧಿವಂತ. ಗೆಳೆಯ ಕಪಿಲ ಗಟ್ಟಿಮುಟ್ಟಾದ ಆಳು. ಇಬ್ಬರೂ ಕಾಳಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾರೆ. ತಲೆ ಜೋಡಿಸಿದರೆ ಬದುಕುತ್ತಾರೆಂದು ದೇವಿ ವರ ಕೊಡುತ್ತಾಳೆ. ದೇವದತ್ತನ ಹೆಂಡತಿ ಪದ್ಮಿನಿ ಅವಸರದಲ್ಲಿ ತಲೆಗಳನ್ನು ಅದಲು ಬದಲು ಮಾಡಿಬಿಡುತ್ತಾಳೆ! ಈಗ ಅವಳ ಗಂಡ ಯಾರು, ತಲೆಯೋ, ಮೈಯೋ? ಈ ಕತೆಯನ್ನು ನಮಗೆ ಹೇಳುವವನು ಭಾಗವತ. ಜೊತೆಗೆ ಹಾಡುವ ಮೇಳ.

ಮೊದಲ ವಾರ ಯಾರೂ ಹಾಡಲಿಲ್ಲ. ಎಲ್ಲರೂ ಸುತ್ತ ಕೂತು ನಾಟಕ ಓದಿದರು. ಮೇಷ್ಟ್ರು ಒಂದೊಂದು ಹಾಡಿಗೂ ‘ಇದರ ಕೆಲಸವೇನು?’ ಎಂದು ಕೇಳಿದರು. ಒಂದು ಹಾಡು ಗಣಪತಿಯನ್ನು ನೆನೆದು ನಾಟಕ ಶುರುಮಾಡುತ್ತದೆ. ಇನ್ನೊಂದು, ಪದ್ಮಿನಿ ಬಾಯಿಬಿಟ್ಟು ಹೇಳಲಾರದ್ದನ್ನು ಹೇಳುತ್ತದೆ. ಹೀಗೆ ಪ್ರತಿ ಹಾಡಿನ ಪಕ್ಕದಲ್ಲೂ ಅದರ ಕೆಲಸವನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡರು.

ಆಮೇಲೆ ತಂಡ ಮೂರಾಯಿತು. ಒಂದು ಕೋಣೆಯಲ್ಲಿ ಹಾರ್ಮೋನಿಯಂ ಜೊತೆ ಹಾಡು, ಒಂದರಲ್ಲಿ ಮಾತು, ಹೊರಗಿನ ಜಗಲಿಯಲ್ಲಿ ಹೆಜ್ಜೆ. ಹಾಡು ಬಾಯಿಪಾಠವಾದ ಮೇಲೆ ನಿಂತಲ್ಲೇ ಓಡುತ್ತಾ ಹಾಡಿಸಿದರು. ಕುಣಿಯುವಾಗ ಉಸಿರು ಎಲ್ಲಿ ಎಳೆದುಕೊಳ್ಳಬೇಕೆಂಬುದು ಕೂತು ಹಾಡಿದರೆ ತಿಳಿಯುವುದಿಲ್ಲವಂತೆ. ಇನ್ನೊಂದು ಮೂಲೆಯಲ್ಲಿ ಹಳೇ ಪತ್ರಿಕೆ, ಮೈದಾ ಅಂಟಿನಲ್ಲಿ ಮುಖವಾಡ ತಯಾರಾಗುತ್ತಿತ್ತು. ದೇವದತ್ತನದು ಬಿಳಿಚು ಬಣ್ಣ, ಕಪಿಲನದು ಕಪ್ಪು. ತಲೆ ಬದಲಾಗುವುದು ಹೇಗೆಂದು ಕೇಳುತ್ತೀರಾ? ಇಬ್ಬರೂ ಮುಖವಾಡ ಬದಲಿಸಿಕೊಂಡರೆ ಆಯಿತು! ಆದರೆ ಮೊದಲು ಮಾಡಿದ ಮುಖವಾಡದೊಳಗೆ ದನಿ ಹೂತುಹೋಗುತ್ತಿತ್ತು. ಬಾಯಿಯ ಹತ್ತಿರ ಕತ್ತರಿಸಿ ಅಗಲ ಮಾಡಿದರು.

ಪ್ರದರ್ಶನಕ್ಕೆ ಎರಡು ವಾರ ಇದ್ದಾಗ ತೊಂದರೆ ಬಂತು. ಭಾಗವತನಾಗಿದ್ದ ಹುಡುಗನ ದನಿ ಮೇಲಿನ ಸ್ವರದಲ್ಲಿ ಒಡೆಯತೊಡಗಿತು. ದಿನಾ ಕೂಗಿ ಕೂಗಿ ಗಂಟಲು ದಣಿದಿತ್ತು. ಭಾಗವತ ರಂಗದಿಂದ ಒಳಗೆ ಹೋಗುವುದೇ ಅಪರೂಪ. ‘ಬೇರೆಯವರನ್ನು ಹಾಕೋಣ’ ಎಂದರು ಕೆಲವರು. ‘ಒಳಗಿನಿಂದ ಯಾರಾದರೂ ಹಾಡಲಿ, ಅವನು ಬಾಯಿ ಆಡಿಸಲಿ’ ಎಂದರು ಇನ್ನು ಕೆಲವರು. ಹುಡುಗ ತಲೆ ತಗ್ಗಿಸಿ ಕೂತಿದ್ದ. ಹಾರ್ಮೋನಿಯಂ ನುಡಿಸುತ್ತಿದ್ದ ಮೇಡಂ ಮಾತ್ರ ಹೇಳಿದರು: “ಒಂದೂವರೆ ಮನೆ ಶ್ರುತಿಯನ್ನು ಒಂದಕ್ಕೆ ಇಳಿಸೋಣ. ಅವನು ಹಾಡುತ್ತಾನೆ.”

ಕೇಳುವುದಕ್ಕೆ ಅರ್ಧ ಮನೆ, ಅಷ್ಟೇ. ಹಾರ್ಮೋನಿಯಂನಲ್ಲಿ ಬೆರಳು ಪಕ್ಕದ ಮನೆಗೆ ಸರಿದರೆ ಮುಗಿಯಿತು. ಆದರೆ ಕೊಳಲಿನವನಿಗೆ ಬೇರೆ ಕೊಳಲೇ ಬೇಕು, ಒಂದೊಂದು ಶ್ರುತಿಗೆ ಒಂದೊಂದು ಕೊಳಲು. ಅದರ ಬೆಲೆ ನನ್ನ ಪುಸ್ತಕಕ್ಕೆ ಬಂತು. ತಬಲಾದವನು ಸುತ್ತಿಗೆ ಹಿಡಿದು ಮತ್ತೆ ಶ್ರುತಿ ಮಾಡಿಕೊಂಡ. ಎಲ್ಲಕ್ಕಿಂತ ಕಷ್ಟವಾದದ್ದು ಮೇಳದ ಹೆಣ್ಣುಮಕ್ಕಳಿಗೆ. ಒಂದು ಹಾಡಿನಲ್ಲಿ ಕೆಳಗಿನ ಪಂಚಮಕ್ಕೆ ಇಳಿಯುವ ಸಾಲೊಂದಿತ್ತು. ಇನ್ನೂ ಅರ್ಧ ಮನೆ ಇಳಿದಾಗ ಅದು ಅವರಿಗೇ ಕೇಳದಂತಾಯಿತು. ಅದು ಗಂಡು ಗಂಟಲಿಗೆ ಸಲೀಸು. ಹಾಗಾಗಿ ಆ ಸಾಲನ್ನು ಮೇಳದ ಹುಡುಗನೊಬ್ಬನಿಗೆ ಕೊಟ್ಟರು.

ಆ ಸಾಲನ್ನು ಒಬ್ಬಳೇ ಹಾಡುತ್ತಿದ್ದವಳು ನನ್ನ ಮೊಮ್ಮಗಳು. ಇಡೀ ನಾಟಕದಲ್ಲಿ ಅವಳ ಪಾಲಿಗೆ ಇದ್ದದ್ದು ಅದೊಂದೇ ಸಾಲು. ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, “ತಾತ, ಅವನ ಗಂಟಲು ಸರಿಯಿಲ್ಲದಿದ್ದರೆ ನನ್ನ ಸಾಲು ಯಾಕೆ ಹೋಗಬೇಕು?” ಎಂದಳು. ನ್ಯಾಯವಾದ ಪ್ರಶ್ನೆಯೇ. ನಾನು ಸಮಾಧಾನ ಹೇಳಲಿಲ್ಲ. “ಅವನನ್ನು ತೆಗೆದು ಬೇರೆಯವರನ್ನು ಹಾಕಿದ್ದರೆ ನಿನಗೆ ಸರಿ ಅನ್ನಿಸುತ್ತಿತ್ತೇನಮ್ಮ?” ಎಂದೆ. ಉತ್ತರ ಬರಲಿಲ್ಲ. ಮನೆಯಲ್ಲೂ ಅವಳು ಹೆಚ್ಚು ಮಾತಾಡಲಿಲ್ಲ.

ಮರುದಿನ ನಾನು ಬಿಲ್ಲುಗಳನ್ನು ಜೋಡಿಸುತ್ತಿದ್ದಾಗ ಜಗಲಿಯ ತುದಿಯಿಂದ ಅದೇ ಸಾಲು ಕೇಳಿಸಿತು. ಅವಳೇ ಆ ಹುಡುಗನಿಗೆ ಹೇಳಿಕೊಡುತ್ತಿದ್ದಳು. “ಇಲ್ಲಿ ಉಸಿರು ತೊಗೋಬೇಡ, ಮುಂದಿನ ಮಾತಿಗೆ ಸಾಲದು” ಎಂದು ಗದರಿಸುತ್ತಲೂ ಇದ್ದಳು.

ಕೊನೆಯ ವಾರ ಮೂರು ಕೋಣೆಯ ಕೆಲಸ ಒಂದೇ ರಂಗಕ್ಕೆ ಬಂತು. ಹಾಡು ಸರಿಯಿದ್ದರೆ ಹೆಜ್ಜೆ ತಪ್ಪಿತು. ಹೆಜ್ಜೆ ಕೂಡಿದರೆ ದೀಪ ತಡವಾಯಿತು. ನಮ್ಮ ಕಾಲದ ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಟ್ಯಾಲಿ ಆಗದೆ ಮನೆಗೆ ಹೋಗುವಂತಿರಲಿಲ್ಲ. ಹತ್ತು ಪೈಸೆ ವ್ಯತ್ಯಾಸ ಬಂದರೂ ಎಲ್ಲರೂ ಕೂತು ಹುಡುಕುತ್ತಿದ್ದೆವು, ಯಾರ ಕೌಂಟರಿನ ತಪ್ಪಾದರೂ ಸರಿಯೇ. ಗ್ರ್ಯಾಂಡ್ ರಿಹರ್ಸಲ್ ರಾತ್ರಿ ಆ ಮಕ್ಕಳು ಹಾಗೆಯೇ ಕೂತಿದ್ದರು. ಮುಖವಾಡ ಬದಲಿಸುವುದು ತಾಳಕ್ಕೆ ಸರಿಯಾಗಿ ಬರುವ ತನಕ ಯಾರೂ ಚೀಲ ಎತ್ತಿಕೊಳ್ಳಲಿಲ್ಲ.

ಪ್ರದರ್ಶನದ ದಿನ ಭಾಗವತ ತುಂಬಿದ ದನಿಯಲ್ಲಿ ಹಾಡಿದ. ಶ್ರುತಿ ಇಳಿದದ್ದು ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆ ಸಾಲು ಬಂದಾಗ ನಾನು ಮೊಮ್ಮಗಳನ್ನೇ ನೋಡುತ್ತಿದ್ದೆ. ಅವಳ ತುಟಿಯೂ ಅಲುಗುತ್ತಿತ್ತು, ಸದ್ದಿಲ್ಲದೆ.

ಅಜ್ಜ ಅಜ್ಜಿಯರೇ, ಮನೆಯ ಮಗು ‘ನಾನು ಬರೀ ಮೇಳದಲ್ಲಿ ಇದ್ದೀನಿ’ ಎಂದರೆ ‘ಅಷ್ಟೇನಾ’ ಎನ್ನಬೇಡಿ. ಯಾವ ಹಾಡು, ಯಾವ ಶ್ರುತಿ, ಪಕ್ಕದಲ್ಲಿ ಹಾಡುವವರು ಯಾರು ಎಂದು ಕೇಳಿ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಹಾಡನ್ನು ಆರಿಸಿ. ಮೊದಲು ಅಜ್ಜಿಗೆ ಹಿತವಾಗುವ ಶ್ರುತಿಯಲ್ಲಿ ಹಾಡಿ, ಆಮೇಲೆ ನಿಮ್ಮ ಶ್ರುತಿಯಲ್ಲಿ. ಕೊನೆಗೆ ಇಬ್ಬರಿಗೂ ಒಪ್ಪುವ ಒಂದು ಶ್ರುತಿಯನ್ನು ಹುಡುಕಿ. ಯಾರು ಎಷ್ಟು ಇಳಿಯಬೇಕಾಯಿತು, ಯಾರು ಎಷ್ಟು ಏರಬೇಕಾಯಿತು, ನನಗೆ ಬರೆದು ತಿಳಿಸಿ.