ಆರೋಗ್ಯ ಸಲಹೆ: ನಾಡಿ ಸಿಗದ ಕೈ



ಬಟ್ಟೆ ಹಿಂಡುವಾಗ, ಚಪಾತಿ ಹಿಟ್ಟು ನಾದುವಾಗ ಒಂದು ಕೈ ಮಾತ್ರ ಬೇಗ ಸೋತು ನೋಯುತ್ತದೆಯೇ? ಕೊಂಚ ಕೂತರೆ ಸರಿಹೋಗುತ್ತದೆ, ಮತ್ತೆ ಕೆಲಸ ಹಿಡಿದರೆ ಅದೇ ಪಾಡು. ಜೊತೆಗೆ ಸಣ್ಣ ಜ್ವರ, ತಲೆಸುತ್ತು, ತೂಕ ಇಳಿಯುವುದು. "ಏನಿಲ್ಲ ಕಣೇ, ನಿಶ್ಶಕ್ತಿ, ಟಾನಿಕ್ ಕುಡಿ" ಎಂದು ಮನೆಯವರು ಹೇಳಿಬಿಡುತ್ತಾರೆ. ಬಹಳ ಮಂದಿಗೆ ನಿಶ್ಶಕ್ತಿಯೇ ಇರಬಹುದು. ಆದರೆ ಆ ಕೈಯಲ್ಲಿ ನಾಡಿ ಸಿಗದಿದ್ದರೆ, ಎರಡು ಕೈಗಳ ಬಿ.ಪಿ. ಬೇರೆ ಬೇರೆ ತೋರಿಸಿದರೆ ಸುಮ್ಮನಿರಬೇಡಿ. ಅದು ಟಕಯಾಸು ಕಾಯಿಲೆ ಇರಬಹುದು.

1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ಟಕಯಾಸು, ಯುವತಿಯೊಬ್ಬಳ ಕಣ್ಣಿನ ರಕ್ತನಾಳಗಳಲ್ಲಿ ಕಂಡ ವಿಚಿತ್ರ ಬದಲಾವಣೆಯನ್ನು ವರದಿ ಮಾಡಿದರು. ಅವರ ಹೆಸರೇ ಕಾಯಿಲೆಗೆ ಉಳಿಯಿತು. ಇದು ಅಪರೂಪದ್ದು, ಹೆಚ್ಚಾಗಿ 40 ವರ್ಷದೊಳಗಿನ ಹೆಂಗಸರಿಗೆ ಬರುತ್ತದೆ. ಹೃದಯದಿಂದ ಹೊರಡುವ ಮಹಾಧಮನಿ ಮತ್ತು ಅದರ ಕವಲುಗಳ ಗೋಡೆಗೆ ಉರಿಯೂತವಾಗಿ, ಗೋಡೆ ದಪ್ಪವಾಗಿ, ರಕ್ತ ಹರಿಯುವ ದಾರಿ ಕಿರಿದಾಗುತ್ತದೆ.

ಮೊದಲ ಮದ್ದು ಸ್ಟಿರಾಯ್ಡ್ ಮಾತ್ರೆ. ಅನೇಕರಿಗೆ ಗುಣ ಕಾಣುತ್ತದೆ. ಆದರೆ ಡೋಸ್ ಇಳಿಸುತ್ತಲೇ ಉರಿಯೂತ ಮರಳುವುದುಂಟು. ಕೆಲವರಿಗೆ ಸ್ಟಿರಾಯ್ಡ್ ನಾಟುವುದೇ ಇಲ್ಲ. ಇದು ನಿಮ್ಮ ಪಥ್ಯದ ತಪ್ಪಲ್ಲ, ಕಾಯಿಲೆಯ ಗುಣ. ಧೈರ್ಯಗೆಡಬೇಡಿ. ಮೆಥೊಟ್ರೆಕ್ಸೇಟ್, ಅಜಥಯೋಪ್ರಿನ್, ಮೈಕೊಫಿನೊಲೇಟ್ ಮಾತ್ರೆಗಳಿವೆ. ಅವಕ್ಕೂ ಬಗ್ಗದಿದ್ದರೆ ಟೊಸಿಲಿಝುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್‌ನಂತಹ ಇಂಜೆಕ್ಷನ್‌ಗಳೂ ಇವೆ. ಇಂಜೆಕ್ಷನ್‌ಗೆ ಮುಂಚೆ ಕ್ಷಯದ ಪರೀಕ್ಷೆ ಆಗಲೇಬೇಕು. ಒಳಗೆ ಅಡಗಿದ ಕ್ಷಯ ಕೆರಳಬಹುದು.

ಮನೆಯಲ್ಲಿ ಈ ನಾಲ್ಕು ಮಾತು ಮರೆಯಬೇಡಿ:

1. ಮುಖ ಊದಿತೆಂದು ಸ್ಟಿರಾಯ್ಡನ್ನು ತಟ್ಟನೆ ನಿಲ್ಲಿಸಬಾರದು. ಪ್ರಾಣಕ್ಕೇ ಅಪಾಯ. ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

2. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿದರೆ ವಿಷವಾಗುತ್ತದೆ. ನುಂಗುವ ವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

3. ಮಗು ಬೇಕೆಂದಿದ್ದರೆ ಮೊದಲೇ ಹೇಳಿ. ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್ ಎರಡೂ ಗರ್ಭಕ್ಕೆ ಆಗದು. ಎಷ್ಟೋ ಮುಂಚೆ ಬದಲಿಸಬೇಕಾಗುತ್ತದೆ. ಅತ್ತೆಯವರೇ, ಸೊಸೆಗೆ ಅವಸರ ಮಾಡಬೇಡಿ.

4. ನಾಡಿ ಕುಗ್ಗಿದ ಕೈಯಲ್ಲಿ ಬಿ.ಪಿ. ಸುಳ್ಳು ಹೇಳುತ್ತದೆ. ಯಾವ ಕೈಯಲ್ಲಿ ನೋಡಬೇಕೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಎರಡೂ ಕೈ ಕುಗ್ಗಿದ್ದರೆ ಕಾಲಿನಲ್ಲಿ ನೋಡಬೇಕು.

ಇದನ್ನು ನೋಡುವವರು ರುಮಟಾಲಜಿ ತಜ್ಞರು. ನಿಮ್ಮೂರಲ್ಲಿ ಇಲ್ಲದಿದ್ದರೆ ಊರಿನ ಡಾಕ್ಟರರಿಂದಲೇ ಚೀಟಿ ಪಡೆದು ದೊಡ್ಡ ಆಸ್ಪತ್ರೆಗೆ ಹೋಗಿ.

ಮುಂದಿನ ಸಲ ಬಿ.ಪಿ. ನೋಡಿಸುವಾಗ "ಎರಡೂ ಕೈ ನೋಡಿ ಡಾಕ್ಟ್ರೇ" ಎಂದು ಬಾಯಿಬಿಟ್ಟು ಕೇಳಿ. ಅದಕ್ಕೆ ಸಂಕೋಚವೇಕೆ?