ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ

ಶಸ್ತ್ರಚಿಕಿತ್ಸೆಯೆಂಬ ಮಾತು ಮನೆಯೊಳಕ್ಕೆ ಬಂದೊಡನೆ ಆ ಮನೆಯ ರೀತಿಯೇ ಬೇರೆಯಾಗುತ್ತದೆ. ಮನೆಯವರು ಮೆಲುದನಿಯಲ್ಲಿ ಮಾತನಾಡತೊಡಗುತ್ತಾರೆ. ನೆಂಟರಿಷ್ಟರು ಬಂದು, ತಾವು ಎಲ್ಲೋ ಕೇಳಿದ ಅನಾಹುತಗಳನ್ನೆಲ್ಲ ವಿಸ್ತಾರವಾಗಿ ವರ್ಣಿಸಿ ಹೋಗುತ್ತಾರೆ. ರೋಗಿಯ ಎದುರಿಗೆ ಮಾತ್ರ ಎಲ್ಲರೂ ‘ಏನೂ ಹೆದರಬೇಡಿ’ ಎನ್ನುತ್ತಾರೆ. ಈ ಮಾತಿನಿಂದ ಯಾರ ಹೆದರಿಕೆಯಾದರೂ ಕಡಮೆಯಾದುದನ್ನು ನಾವು ಇದುವರೆಗೆ ಕಂಡಿಲ್ಲ. ಆದುದರಿಂದ ಈ ತಿಂಗಳು ಆ ಹೆದರಿಕೆಯ ವಿಷಯವಾಗಿಯೇ ವಾಚಕರೊಡನೆ ಕೆಲವು ಮಾತುಗಳನ್ನಾಡಬೇಕೆಂದಿದ್ದೇವೆ.

ನಮಗೆ ಆಪ್ತರಾದ ಹಿರಿಯರೊಬ್ಬರಿಗೆ ಹರ್ನಿಯಾ ಇತ್ತು. ಕಿಬ್ಬೊಟ್ಟೆಯ ಸ್ನಾಯು ಸಡಿಲಗೊಂಡು, ಒಳಗಿನ ಕರುಳು ಹೊರಕ್ಕೆ ಉಬ್ಬಿ ಬರುವ ವ್ಯಾಧಿ ಇದು. ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿದರು. ಹಿರಿಯರು ಮೊದಲು ಮಗಳ ಮದುವೆ ಮುಗಿಯಲಿ ಎಂದರು. ಆಮೇಲೆ ಆಷಾಢ ಕಳೆಯಲಿ ಎಂದರು. ಆಷಾಢ ಕಳೆದ ಮೇಲೆ ದಸರೆ ಆಗಲಿ ಎಂದರು. ಹೀಗೆ ಎರಡು ವರ್ಷಗಳು ಉರುಳಿದವು. ಇಂತಹ ವಿಳಂಬವು ನಿರಪಾಯವಾದುದಲ್ಲ. ಉಬ್ಬಿದ ಕರುಳು ಒಮ್ಮೆ ಸಿಕ್ಕಿಕೊಂಡು ಅದರ ರಕ್ತಸಂಚಾರವು ನಿಂತಿತೆಂದರೆ, ಸಾವಕಾಶವಾಗಿ ಮಾಡಬಹುದಾಗಿದ್ದ ಚಿಕಿತ್ಸೆಯನ್ನು ಪ್ರಾಣಸಂಕಟದ ನಡುವೆ ಅವಸರದಲ್ಲಿ ಮಾಡಬೇಕಾಗಿ ಬರುತ್ತದೆ.

ಒಂದು ಸಂಜೆ ಅವರ ಪತ್ನಿ ನೇರವಾಗಿ ಕೇಳಿಯೇ ಬಿಟ್ಟರು: “ಅಲ್ಲಾ, ನಿಮಗೆ ಕತ್ತಿಯ ಭಯವೋ, ಇನ್ನೇತರ ಭಯವೋ? ನನ್ನ ಹತ್ತಿರವಾದರೂ ಹೇಳಬಾರದೆ?”

ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, “ಕತ್ತಿಯ ಭಯವಲ್ಲ ಕಣೇ. ಮದ್ದು ಕೊಟ್ಟು ಮಲಗಿಸುತ್ತಾರಲ್ಲ, ಮತ್ತೆ ಏಳದೇ ಹೋದರೆ? ಇಲ್ಲವೇ ನಡುವೆಯೇ ಎಚ್ಚರವಾಗಿಬಿಟ್ಟರೆ?” ಎಂದರು. ಮತ್ತೆ ಸ್ವಲ್ಪ ತಡೆದು, “ನಾನು ಬೀಡಿ ಬಿಟ್ಟಿಲ್ಲ. ಹುಡುಗರಿಗೆ ಗೊತ್ತಿಲ್ಲ. ಅದರಿಂದ ಏನಾದರೂ ಆದೀತೋ ಎಂದು ಒಂದು ಯೋಚನೆ” ಎಂದರು.

ಆ ತಾಯಿ ‘ಹೆದರಬೇಡಿ’ ಎನ್ನಲಿಲ್ಲ. ಮೊಮ್ಮಗನ ನೋಟುಪುಸ್ತಕದಿಂದ ಒಂದು ಹಾಳೆಯನ್ನು ಹರಿದು, ಆ ಮೂರು ಮಾತುಗಳನ್ನೂ ಮೂರು ಪ್ರಶ್ನೆಗಳನ್ನಾಗಿ ಬರೆದರು. “ನಾಳೆ ಡಾಕ್ಟರನ್ನೇ ಕೇಳೋಣ” ಎಂದರು.

ಮಾರನೆಯ ದಿನ ಅರಿವಳಿಕೆ ಕೊಡುವ ವೈದ್ಯರು ಆ ಚೀಟಿಯನ್ನು ಓದಿದರು. ಅವರು ನಗಲಿಲ್ಲ, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಒಂದೊಂದಕ್ಕೂ ಉತ್ತರ ಹೇಳಿದರು. ರೋಗಿಯನ್ನು ಮಲಗಿಸಿ ತಾವು ಹೊರಟುಹೋಗುವುದಿಲ್ಲ, ಮುಗಿಯುವವರೆಗೂ ಬಳಿಯಲ್ಲಿಯೇ ಇದ್ದು ಉಸಿರು, ನಾಡಿ, ರಕ್ತದೊತ್ತಡಗಳನ್ನು ಗಮನಿಸುವುದೇ ತಮ್ಮ ಕೆಲಸ ಎಂದರು. ಬೆರಳ ತುದಿಗೆ ಸಿಕ್ಕಿಸುವ ಒಂದು ಕ್ಲಿಪ್ಪನ್ನು ತೋರಿಸಿದರು. ಬೆರಳಿನ ಮೂಲಕ ಬೆಳಕನ್ನು ಹಾಯಿಸಿ ರಕ್ತದಲ್ಲಿರುವ ಆಮ್ಲಜನಕವನ್ನು ಅಳೆಯುವ ಈ ಉಪಾಯವನ್ನು ಜಪಾನಿನ ತಕುಓ ಅಓಯಾಗಿ ಎಂಬವರು ೧೯೭೪ರಲ್ಲಿ ಪ್ರಕಟಿಸಿದರು. ಆಮ್ಲಜನಕವು ಕಡಮೆಯಾದರೆ ಕಣ್ಣಿಗೆ ಕಾಣುವುದಕ್ಕೆ ಮೊದಲೇ ಅದು ಎಚ್ಚರಿಸುತ್ತದೆ. ಅಪಾಯವೇ ಇಲ್ಲವೆಂದು ಯಾವ ವೈದ್ಯರೂ ಹೇಳಲಾರರು. ಆದರೆ ಬೇರೆ ದೊಡ್ಡ ಕಾಯಿಲೆಗಳಿಲ್ಲದವರಲ್ಲಿ ಅರಿವಳಿಕೆಯೊಂದರಿಂದಲೇ ಪ್ರಾಣಕ್ಕೆ ಹಾನಿಯಾಗುವುದು ಅತಿ ವಿರಳ. ನಡುವೆ ಎಚ್ಚರವಾಗುವುದೂ ಹಾಗೆಯೇ: ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಲ್ಲಿ, ಪೂರ್ಣ ಅರಿವಳಿಕೆಯ ಸುಮಾರು ೧೯,೦೦೦ ಪ್ರಸಂಗಗಳಿಗೆ ಒಂದರಂತೆ ಮಾತ್ರ ಅಂತಹ ದೂರು ಬಂದಿತ್ತು. ಬೀಡಿಯ ಮಾತಿಗೆ ವೈದ್ಯರು, “ಹೇಳಿದ್ದು ಬಹಳ ಒಳ್ಳೆಯದಾಯಿತು. ಇಂದಿನಿಂದಲೇ ಬಿಡಿ. ಕೆಲವು ವಾರ ಬಿಟ್ಟು ಬಂದರೆ ಉಸಿರಾಟಕ್ಕೂ ಅನುಕೂಲ, ಹೊಲಿಗೆಯ ಮೇಲೆ ಕೆಮ್ಮಿನ ಪೆಟ್ಟೂ ಕಡಮೆ” ಎಂದರು.

ಶಸ್ತ್ರಕ್ಕೆ ಹೆದರುವುದು ಹೇಡಿತನವೆಂದು ಯಾರೂ ಭಾವಿಸಬೇಕಾಗಿಲ್ಲ. ಹಿಂದಿನವರ ಭಯಕ್ಕೆ ಸಾಕಷ್ಟು ಕಾರಣವಿತ್ತು. ಕತ್ತಿಯ ಅರಿವು ತಟ್ಟದಂತೆ ರೋಗಿಗೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದು ಸುಶ್ರುತಸಂಹಿತೆಯು ವಿಧಿಸುತ್ತದೆ. ಆ ಕಾಲದಲ್ಲಿ ಇದ್ದುದು ಅಷ್ಟೇ. ೧೮೧೧ರಲ್ಲಿ ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿಯವರಿಗೆ ಪ್ಯಾರಿಸಿನಲ್ಲಿ ಸ್ತನದ ಶಸ್ತ್ರಚಿಕಿತ್ಸೆ ನಡೆದಾಗಲೂ ಸ್ಥಿತಿಯು ಹೆಚ್ಚಾಗಿ ಬದಲಾಗಿರಲಿಲ್ಲ. ಮದ್ಯ ಬೆರೆಸಿದ ಪಾನೀಯವೊಂದನ್ನು ಬಿಟ್ಟರೆ ನೋವಿಗೆ ಯಾವ ಮದ್ದೂ ಇರಲಿಲ್ಲ. ಆ ದಿನ ಯಾವುದೆಂಬುದೂ ಆಕೆಗೆ ಕೆಲವೇ ಗಂಟೆಗಳ ಮುಂಚೆ ತಿಳಿಯಿತು. ಆಕೆ ಅದನ್ನು ಸಹಿಸಿದರು, ೧೮೪೦ರವರೆಗೆ ಬದುಕಿದರು. ಆದರೆ ಆ ವೃತ್ತಾಂತವನ್ನು ಸೋದರಿಗೆ ಬರೆದು ತಿಳಿಸಲು ಆಕೆಗೆ ತಿಂಗಳುಗಳೇ ಹಿಡಿದವು. ೧೮೪೬ನೆಯ ಅಕ್ಟೋಬರ್ ೧೬ರಂದು ಅಮೆರಿಕದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮಾರ್ಟನ್ ಎಂಬ ದಂತವೈದ್ಯರು ರೋಗಿಯೊಬ್ಬನಿಗೆ ಈಥರಿನ ಆವಿಯನ್ನು ಉಸಿರಾಡಿಸಿ, ಎಲ್ಲರ ಎದುರಿಗೆ ನೋವಿಲ್ಲದ ಶಸ್ತ್ರಚಿಕಿತ್ಸೆಗೆ ದಾರಿಮಾಡಿದರು. ಅಂದಿನಿಂದ ನೋವಿನ ಭಯಕ್ಕೆ ಮದ್ದು ದೊರೆಯಿತು.

ಮನಸ್ಸಿನ ಭಯಕ್ಕೆ? ಅದೇ ಆಸ್ಪತ್ರೆಯ ವೈದ್ಯರು ೧೯೬೪ರಲ್ಲಿ ಇನ್ನೊಂದು ವಿಷಯವನ್ನು ಪ್ರಕಟಿಸಿದರು. ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದ ೯೭ ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರ ಬಳಿ ಅರಿವಳಿಕೆಯ ವೈದ್ಯರು ಕುಳಿತು, ಎಚ್ಚರವಾದ ಮೇಲೆ ನೋವು ಎಲ್ಲಿ ಇರುತ್ತದೆ, ಎಷ್ಟು ಕಾಲ ಇರುತ್ತದೆ, ಹೇಗೆ ಉಸಿರಾಡಬೇಕು, ಹೇಗೆ ಮೈಯನ್ನು ಸಡಿಲಬಿಟ್ಟು ಹೊರಳಬೇಕು ಎಂಬುದನ್ನು ಮುಂಚಿತವಾಗಿ ಕಲಿಸಿದರು. ಉಳಿದವರಿಗೆ ನೋವಿನ ಮಾತನ್ನೇ ಎತ್ತಲಿಲ್ಲ. ತಿಳಿಸಿಕೊಂಡವರಿಗೆ ನೋವಿನ ಮದ್ದು ಸುಮಾರು ಅರ್ಧದಷ್ಟೇ ಸಾಕಾಯಿತು. ಸರಾಸರಿಯಲ್ಲಿ ಎರಡೂವರೆ ದಿನಗಳಿಗಿಂತಲೂ ಮೊದಲೇ ಅವರು ಮನೆಗೆ ಹೋಗುವಷ್ಟು ಗುಣಹೊಂದಿದರು. ‘ನೋವೇ ಆಗುವುದಿಲ್ಲ’ ಎಂಬ ಸುಳ್ಳಿಗಿಂತ ನಿಜವಾದ ಒಂದು ಮಾತಿನಿಂದ ರೋಗಿಗೆ ಎಷ್ಟು ಉಪಕಾರವಾಗುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಹೀಗಿರುವುದರಿಂದ ಮನೆಯವರು ಮಾಡತಕ್ಕ ಮೊದಲನೆಯ ಕೆಲಸವೆಂದರೆ, ರೋಗಿಯ ಭಯವನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವುದು. ಒಬ್ಬರಿಗೆ ಎಚ್ಚರದ ಭಯ, ಇನ್ನೊಬ್ಬರಿಗೆ ಪರರೆದುರು ಬಟ್ಟೆ ಬಿಚ್ಚುವ ಸಂಕೋಚ, ಮತ್ತೊಬ್ಬರಿಗೆ ಖರ್ಚಿನ ಚಿಂತೆ. ಕೇಳದೆ ಊಹಿಸಿದರೆ ಇರುವ ಭಯವನ್ನು ಬಿಟ್ಟು ಇಲ್ಲದ ಭಯಕ್ಕೆ ಸಮಾಧಾನ ಹೇಳಿದಂತಾಗುತ್ತದೆ.

ಎರಡನೆಯದಾಗಿ, ವೈದ್ಯರಿಂದ ಏನನ್ನೂ ಮುಚ್ಚಿಡಬಾರದು. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತವನ್ನು ತೆಳುಮಾಡುವ ಮಾತ್ರೆ, ನಾಟಿ ಔಷಧ, ಕುಡಿತ, ಹೊಗೆಸೊಪ್ಪು, ಅಲುಗಾಡುವ ಹಲ್ಲು, ಕಟ್ಟಿಸಿಕೊಂಡ ಹಲ್ಲು, ಹಿಂದೆ ಯಾವುದಾದರೂ ಮದ್ದು ಮೈಗೆ ಒಗ್ಗದಿದ್ದುದು, ಎಲ್ಲವನ್ನೂ ಹೇಳಬೇಕು. ಮಾತ್ರೆಗಳನ್ನು ತಾವಾಗಿ ನಿಲ್ಲಿಸಲೂಬಾರದು, ಮುಂದುವರಿಸಲೂಬಾರದು, ಕೇಳಿಯೇ ನಡೆಯಬೇಕು.

ಮೂರನೆಯದು ಉಪವಾಸದ ವಿಷಯ. ಇಲ್ಲಿ ನಮ್ಮ ಮನೆಗಳ ಅಕ್ಕರೆಯೇ ಕೆಲವು ವೇಳೆ ಶತ್ರುವಾಗುತ್ತದೆ. ಮಗುವು ಹಸಿದು ಅಳುವುದನ್ನು ನೋಡಲಾರದೆ ಅಜ್ಜಿಯು ಮರೆಯಲ್ಲಿ ಒಂದು ಲೋಟ ಹಾಲು ಕುಡಿಸುವುದುಂಟು. ರೋಗಿಯು ಎಚ್ಚರದಲ್ಲಿಯೇ ಇರುತ್ತಿದ್ದ ಕಾಲದಲ್ಲಿ, ಅವನು ಮೂರ್ಛೆಹೋಗದಿರಲೆಂದು ಬಹುಪಾಲು ಶಸ್ತ್ರಕರ್ಮಗಳಿಗೆ ಮೊದಲು ಊಟಮಾಡಿಸಬೇಕೆಂದು ಸುಶ್ರುತಸಂಹಿತೆಯೇ ಹೇಳಿದೆ. ಈಗಿನ ಸ್ಥಿತಿಯು ಬೇರೆ. ಪ್ರಜ್ಞೆಯಿಲ್ಲದಾಗ ಗಂಟಲಿನ ಕಾವಲು ಕೆಲಸಮಾಡುವುದಿಲ್ಲವಾದುದರಿಂದ, ಹೊಟ್ಟೆಯಲ್ಲಿರುವುದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅದು ಪ್ರಾಣಕ್ಕೇ ಅಪಾಯ. ಸಾಮಾನ್ಯವಾಗಿ ಹಗುರವಾದ ಆಹಾರವನ್ನು ೬ ಗಂಟೆ ಮೊದಲೂ, ಕರಿದ ಮತ್ತು ಜಿಡ್ಡಿನ ಪದಾರ್ಥಗಳನ್ನು ಇನ್ನೂ ಮೊದಲೂ ನಿಲ್ಲಿಸಬೇಕೆಂದು ನಿಯಮ. ಬರಿಯ ನೀರಿಗೆ ಹೆಚ್ಚಿನವರಲ್ಲಿ ೨ ಗಂಟೆ ಮೊದಲಿನವರೆಗೂ ಅಭ್ಯಂತರವಿಲ್ಲ. ಆದರೆ ಅವರವರ ವೈದ್ಯರು ಹೇಳಿದುದೇ ಅವರವರಿಗೆ ಪ್ರಮಾಣ. ತಪ್ಪಿ ಏನಾದರೂ ಕೊಟ್ಟಿದ್ದರೆ ನಾಚದೆ ಹೇಳಿಬಿಡಬೇಕು. ದಿನ ಮುಂದಕ್ಕೆ ಹೋದರೂ ಚಿಂತೆಯಿಲ್ಲ.

ಮಕ್ಕಳಿಗೆ ‘ಪೇಟೆಗೆ ಹೋಗೋಣ’ ಎಂದು ಸುಳ್ಳು ಹೇಳಿ ಆಸ್ಪತ್ರೆಗೆ ಕರೆದೊಯ್ಯಬಾರದೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಒಮ್ಮೆ ಮೋಸಹೋದ ಮಗುವು ಮುಂದೆ ವೈದ್ಯರನ್ನು ಮಾತ್ರವಲ್ಲ, ತಂದೆತಾಯಿಗಳನ್ನೂ ನಂಬುವುದಿಲ್ಲ.

ನಮ್ಮ ಹಿರಿಯರ ಭಯವು ಪೂರ್ತಿಯಾಗಿ ಹೋಯಿತೆಂದು ನಾವು ಹೇಳುವುದಿಲ್ಲ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಅವರ ಕೈ ತಣ್ಣಗಿತ್ತೆಂದೂ, ತಾವು ಆ ಕೈಯನ್ನು ಹಿಡಿದುಕೊಂಡೇ ಕುಳಿತಿದ್ದುದಾಗಿಯೂ ಅವರ ಪತ್ನಿ ಆಮೇಲೆ ಹೇಳಿದರು. ಬೆಳಗಾದಾಗ ಅವರು ಹೆದರುತ್ತಲೇ ಎದ್ದು ಹೋದರು; ಮಧ್ಯಾಹ್ನ ಕಣ್ಣು ತೆರೆದು ನೀರು ಕೇಳಿದರು. ಈಗ ಬಂಧುಗಳಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಗೊತ್ತಾಯಿತೆಂದರೆ ಅವರು ಮೊದಲು ಕೇಳುವುದು, “ಚೀಟಿ ಬರೆದಿರಾ?” ಎಂದು.