ಹೂರಣ ತುಂಬಿದ ಸ್ಟ್ರಾಬೆರಿ

ಈ ಅಂಕಣವನ್ನು ತಪ್ಪದೆ ಓದುವ ಮಹನೀಯರೂ ಮಹಿಳೆಯರೂ ಈ ತಿಂಗಳ ತಲೆಬರಹವನ್ನು ಕಂಡು, ಮುದ್ರಣಾಲಯದವರು ಪುಟಗಳನ್ನು ಅದಲುಬದಲು ಮಾಡಿರಬೇಕೆಂದು ಎಣಿಸಿದರೆ ಅದು ಅವರ ತಪ್ಪಲ್ಲ. ಮಕ್ಕಳ ಅಕ್ಷರ, ಮನೆಯ ಲೆಕ್ಕ, ಸಂಜೆಯ ಓದು ಎಂದು ಬರೆಯುತ್ತ ಬಂದ ನಾವು ಇಂದು ಸೌಟು ಹಿಡಿದಿದ್ದೇವೆ. ನಳನೂ ಭೀಮನೂ ಗಂಡಸರೇ ಅಲ್ಲವೆ ಎಂದು ಸಮಾಧಾನ ಹೇಳಿಕೊಳ್ಳಬಹುದಾಗಿತ್ತು. ಆದರೆ ಅವರು ಪರರ ಪಾಕಶಾಲೆಯನ್ನು ಹೊಕ್ಕುದು ವೇಷ ಮರೆಸಿಕೊಂಡಿದ್ದಾಗ. ನಾವು ನಮ್ಮ ಮನೆಯ ಪಾಕಶಾಲೆಯನ್ನು ಹೊಕ್ಕುದು ಆಡಿದ ಒಂದು ಮಾತಿನ ಋಣವನ್ನು ತೀರಿಸುವುದಕ್ಕೆ.

ಸಂಗತಿ ಹೀಗಿದೆ. ಕಳೆದ ವರ್ಷದ ಚಳಿಗಾಲದಲ್ಲಿ, ನಾವು ಶಾಲೆಯ ಕೆಲಸದಿಂದ ನಿವೃತ್ತರಾದ ದಿನ, ನಮ್ಮ ಸೊಸೆಯೂ ಎಂಟು ವರ್ಷದ ಮೊಮ್ಮಗಳೂ ಮಧ್ಯಾಹ್ನವೆಲ್ಲ ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಏನನ್ನೋ ಸಿದ್ಧಪಡಿಸಿ, ಸಂಜೆ ತಟ್ಟೆಯೊಂದನ್ನು ತಂದು ನಮ್ಮ ಮುಂದಿಟ್ಟರು. ಕೆಂಪು ಹಣ್ಣು, ಹಸುರು ಎಲೆ, ಅರೆಮೈಗೆ ಕಪ್ಪು ಹೊದಿಕೆ. ನಾವು ಕನ್ನಡಕವನ್ನು ಹಣೆಗೇರಿಸಿ, "ಇದೇನವಾ, ಹಣ್ಣಿಗೆ ಬೂಟಿನ ಪಾಲಿಶ್ ಹಚ್ಚೀಯಲ್ಲ!" ಎಂದೆವು. ಬಂದಿದ್ದ ಸ್ನೇಹಿತರು ನಕ್ಕರು, ನಾವೂ ನಕ್ಕೆವು. ಸೊಸೆಯೂ ನಕ್ಕಳೆಂದೇ ನಮ್ಮ ನೆನಪು. ತಟ್ಟೆ ಒಳಗೆ ಹೋಯಿತು, ಚಹ ಹೊರಗೆ ಬಂದಿತು, ನಾವು ಅದನ್ನು ಮರೆತೆವು.

ಈ ಸಲದ ದೀಪಾವಳಿಯಲ್ಲಿ ನಮ್ಮ ಮನೆಯವರು ಎಲೆಯಡಿಕೆ ಮಡಿಸಿ ಕೊಡುತ್ತ ಮೆಲ್ಲನೆ ಹೇಳಿದರು: "ವರ್ಷಾತು, ಆ ಹುಡುಗಿ ಈ ಮನಿಯಾಗ ಹೊಸಾದೇನೂ ಮಾಡಿಲ್ಲ. ನಿಮ್ಮ ಲಕ್ಷ್ಯಕ್ಕ ಬಂತೇನು?" ಬಂದಿರಲಿಲ್ಲ. ಅಡಿಗೆ ದಿನವೂ ನಡೆದಿತ್ತು, ರುಚಿಯಾಗಿಯೇ ಇತ್ತು; ಆದರೆ ನಾವು ಇಷ್ಟಪಡುವೆವೆಂದು ಗೊತ್ತಿದ್ದುದು ಮಾತ್ರವೇ ಎಲೆಗೆ ಬೀಳುತ್ತಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಹುಡುಗರ ಉತ್ತರಪತ್ರಿಕೆಗಳಲ್ಲಿ ಕಾಗುಣಿತದ ತಪ್ಪು ಹಿಡಿದವರು ನಮ್ಮದೇ ಮನೆಯೊಳಗಿನ ಈ ಲೋಪವನ್ನು ಕಾಣದೆ ಹೋದೆವು.

ಆದುದರಿಂದ ಸಂಕ್ರಾಂತಿಯ ಹಿಂದಿನ ವಾರ, ಸೊಸೆ ತವರಿಗೆ ಹೋಗಿದ್ದ ಎರಡು ದಿನಗಳನ್ನು ನೋಡಿಕೊಂಡು, ಮೊಮ್ಮಗಳನ್ನು ಗುರುವಾಗಿ ವರಿಸಿ ಅದೇ ತಿಂಡಿಯನ್ನು ನಾವೇ ಮಾಡಲು ತೊಡಗಿದೆವು. ಕಲಿತುದನ್ನು ಮುಚ್ಚಿಡುವುದು ಉಪಾಧ್ಯಾಯರ ಧರ್ಮವಲ್ಲವಾಗಿ ಇಲ್ಲಿ ಬರೆಯುತ್ತೇವೆ.

ಮೊದಲು ಹಣ್ಣಿನ ವಿಚಾರ. ನಮ್ಮ ಧಾರವಾಡದ ಪೇಟೆಗೆ ಚಳಿಗಾಲದಲ್ಲಿ ಬರುವ ಸ್ಟ್ರಾಬೆರಿ ಬಹುಮಟ್ಟಿಗೆ ಮಹಾಬಳೇಶ್ವರ, ಪಂಚಗಣಿಗಳ ಗುಡ್ಡದ ಹೊಲಗಳದು. ಅಲ್ಲಿಯ ಬೆಳೆಗೆ ೨೦೧೦ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆದರೆ ಈ ಹಣ್ಣಿನ ವಂಶಾವಳಿ ಬಲು ವಿಚಿತ್ರವಾದುದು. ೧೭೧೪ರಲ್ಲಿ ಫ್ರೆಜಿಯೇ ಎಂಬ ಫ್ರೆಂಚ್ ಸೇನಾ ಇಂಜಿನಿಯರನು ದಕ್ಷಿಣ ಅಮೆರಿಕದ ಚಿಲಿ ದೇಶದಿಂದ ದೊಡ್ಡ ಕಾಯಿಯ ತಳಿಯ ಕೆಲವು ಗಿಡಗಳನ್ನು ಹಡಗಿನಲ್ಲಿ ತನ್ನ ದೇಶಕ್ಕೆ ತಂದನು. ಅವೆಲ್ಲವೂ ಹೆಣ್ಣುಗಿಡಗಳಾಗಿದ್ದುದರಿಂದ ಹೂ ಬಿಟ್ಟರೂ ಫಲ ಕೊಡಲಿಲ್ಲ. ಉತ್ತರ ಅಮೆರಿಕದ ವರ್ಜೀನಿಯದಿಂದ ಅದಕ್ಕೆ ಮೊದಲೇ ಬಂದಿದ್ದ ಸಣ್ಣ ಜಾತಿಯ ಗಿಡಗಳ ನೆರೆ ದೊರೆತಲ್ಲಿ ಅವು ಫಲವತಿಯಾದವು. ಆ ಬೆರಕೆಯ ಸಂತಾನವೇ ಇಂದು ನಾವು ತಿನ್ನುವ ಹಣ್ಣು. ಇದರ ಮರ್ಮವನ್ನು ೧೭೬೬ರಲ್ಲಿ ತಿಳಿಸಿದ ಡ್ಯುಶೆನ್ ಎಂಬವನಿಗೆ ಆಗ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಹಿಂದಿನ ಬೆಂಚಿನ ಹುಡುಗರನ್ನು ಹಗುರವಾಗಿ ಕಾಣಬಾರದೆಂದು ನಾವು ಆಗಾಗ ಹೇಳುತ್ತಿದ್ದುದು ಸುಳ್ಳಲ್ಲ.

ಇನ್ನೊಂದು ಮಾತು. ನಾವು ಬೀಜವೆಂದು ತಿಳಿಯುವ ಮೈಮೇಲಿನ ಚುಕ್ಕೆಗಳೇ ಸಸ್ಯಶಾಸ್ತ್ರದ ಪ್ರಕಾರ ನಿಜವಾದ ಫಲಗಳು. ಕೆಂಪಗೆ ರಸವತ್ತಾಗಿರುವುದು ಉಬ್ಬಿದ ಹೂವಿನ ಪೀಠ. ಗೇರುಹಣ್ಣಿನಲ್ಲಿ ಉಬ್ಬಿದ ತೊಟ್ಟನ್ನು ಹಣ್ಣೆಂದು ತಿಂದು, ಕೆಳಗೆ ಜೋತಾಡುವ ನಿಜಫಲವನ್ನು ಬೀಜವೆನ್ನುತ್ತೇವಲ್ಲ, ಹಾಗೆ. ಈ ಪೀಠದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರು. ಓದುಗರು ಈ ಒಂದು ಸಂಖ್ಯೆಯನ್ನು ನೆನಪಿಡಬೇಕು. ನಮ್ಮ ಪಾಡೆಲ್ಲ ಅದರಿಂದಲೇ ಆದುದು.

ಇಪ್ಪತ್ತನಾಲ್ಕು ಹಣ್ಣು ಸಾಕು. ದೊಡ್ಡವು, ಗಟ್ಟಿಯಾದವು, ಎಲೆಯ ಮುಡಿ ಬಾಡದವು ಆಗಿರಬೇಕು. ತೊಟ್ಟಿನ ಬಳಿ ಬಿಳಿದಾಗಿರುವುದು ಬೇಡ, ಅದು ಮನೆಯಲ್ಲಿಟ್ಟರೆ ಮಾಗುವುದಿಲ್ಲ. ಎಲೆಯ ಸಹಿತವಾಗಿಯೇ ತೊಳೆಯತಕ್ಕದ್ದು. ಮೊದಲು ಎಲೆ ಕಿತ್ತು ಆಮೇಲೆ ತೊಳೆದರೆ ಕೊರೆದ ಜಾಗದಿಂದ ನೀರು ಒಳಸೇರುತ್ತದೆ. ತೊಳೆದ ಮೇಲೆ ಒಗೆದ ಧೋತರದ ಮೇಲೆ ಹರವಿ, ಒಂದೊಂದನ್ನೂ ಒರಸಿ, ಒಂದು ಗಂಟೆಯಾದರೂ ಗಾಳಿಗೆ ಬಿಡಬೇಕು. ಶೀತಪೆಟ್ಟಿಗೆಯಿಂದ ಆಗತಾನೆ ತೆಗೆದ ಹಣ್ಣು ಹೊರಗಿನ ಗಾಳಿ ತಾಗಿದೊಡನೆ ಬೆವರುತ್ತದೆ. ಅದನ್ನು ಕೂಡಲೆ ಕೆಲಸಕ್ಕೆ ತೆಗೆದುಕೊಳ್ಳಬಾರದು.

ಹೂರಣಕ್ಕೆ ಪಾಶ್ಚಾತ್ಯರು ಕೆನೆಯ ಗಿಣ್ಣನ್ನೂ ಸಕ್ಕರೆಯನ್ನೂ ಬೆರೆಸಿ ತುಂಬುತ್ತಾರೆ. ನಮ್ಮ ಸೊಸೆ ತುಂಬಿದ್ದುದು ಶ್ರೀಖಂಡವೆಂದು ಮೊಮ್ಮಗಳು ಹೇಳಿದಾಗ ನಮಗೆ ನಾಚಿಕೆಯಾಯಿತು. ಒಳಗೆ ನಮ್ಮದೇ ಹಬ್ಬದ ಭಕ್ಷ್ಯವಿದ್ದುದನ್ನು ಹೊರಗಿನ ಬಣ್ಣ ನೋಡಿ ಜರೆದಿದ್ದೆವು! ಕೋಶವನ್ನು ತೆರೆದರೆ ಶ್ರೀಖಂಡವೆಂಬುದಕ್ಕೆ ಚಂದನವೆಂದು ಅರ್ಥ. ಸಕ್ಕರೆ ಬೆರೆತ ಮೊಸರಿನ ಭಕ್ಷ್ಯಕ್ಕೆ ಸಂಸ್ಕೃತದಲ್ಲಿ ಶಿಖರಿಣಿಯೆಂಬ ಹೆಸರಿದೆ. ಹದಿನೇಳಕ್ಷರದ ಒಂದು ವೃತ್ತಕ್ಕೂ ಅದೇ ಹೆಸರು. ಆ ವೃತ್ತದ ಯತಿ ಆರನೆಯ ಅಕ್ಷರಕ್ಕೆ ಬರುವುದೆಂದು ಎಷ್ಟೋ ತಲೆಮಾರಿನ ಹುಡುಗರಿಗೆ ಬಾಯಿಪಾಠ ಮಾಡಿಸಿದೆವು. ಆ ಭಕ್ಷ್ಯವನ್ನು ಕೈಯಾರೆ ಮಾಡಿದುದು ಮಾತ್ರ ಇದೇ ಮೊದಲು.

ಅರ್ಧ ಲೀಟರು ಕೆನೆಹಾಲಿನ ಹುಳಿಯಾಗದ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ತೂಗುಹಾಕಬೇಕು. ಬೆಳಗಿಗೆ ಉಳಿಯುವ ಚಕ್ಕಾ ಚಮಚದಲ್ಲಿ ಎತ್ತಿದರೆ ಬೀಳದಷ್ಟು ಗಟ್ಟಿಯಾಗಿರತಕ್ಕದ್ದು. ಅದಕ್ಕೆ ನಾಲ್ಕು ದೊಡ್ಡ ಚಮಚ ಸಕ್ಕರೆಯ ಪುಡಿ, ನಾಲ್ಕು ಏಲಕ್ಕಿ, ಬಿಸಿಹಾಲಿನ ಹನಿಯಲ್ಲಿ ಅರೆದ ಎರಡೆಳೆ ಕೇಸರಿ. ಇದಕ್ಕಿಂತ ಸಕ್ಕರೆ ಹೆಚ್ಚಿದರೆ ಹೂರಣ ತೆಳ್ಳಗಾಗುವುದಲ್ಲದೆ ಹಣ್ಣಿನೊಳಗಿನ ನೀರನ್ನೂ ಸೆಳೆಯುತ್ತದೆ. ಉಪ್ಪು ಸವರಿದ ಸೌತೆಕಾಯಿ ನೀರು ಬಿಡುವುದನ್ನು ಬಲ್ಲ ಗೃಹಿಣಿಯರಿಗೆ ಇದನ್ನು ವಿಸ್ತರಿಸಬೇಕಾಗಿಲ್ಲ.

ಹಣ್ಣಿನ ತಲೆಯನ್ನು ಎಲೆಯ ಸಮೇತ ಮುಚ್ಚಳದಂತೆ ಕೊಯ್ದು, ಸಣ್ಣ ಚೂರಿಯ ತುದಿಯಿಂದ ಒಳಗನ್ನು ಬಟ್ಟಲಿನಂತೆ ತೋಡಬೇಕು. ತೋಡಿದ ತಿರುಳು ಮೊಮ್ಮಗಳ ಪಾಲಾಯಿತು. ಒಳಗಿನ ಪಸೆಯನ್ನು ಬಟ್ಟೆಯ ಚುಂಗಿನಿಂದ ಒತ್ತಿ ತೆಗೆದು, ಮದರಂಗಿಯ ಕೋನಿನಂತೆ ಸುತ್ತಿದ ದಪ್ಪ ಕಾಗದದಿಂದ ಹೂರಣವನ್ನು ತುಂಬಿ, ಅರ್ಧ ಗಂಟೆ ತಂಪಿನಲ್ಲಿಟ್ಟರೆ ಅದು ಬಿಗಿಯುತ್ತದೆ. ಹೊರಗೆ ತೆಗೆದ ಮೇಲೆ ಮೈ ಬೆವರಿದ್ದರೆ ಇನ್ನೊಮ್ಮೆ ಒರಸತಕ್ಕದ್ದು.

ಇನ್ನು ಚಾಕೊಲೇಟು. ಇದನ್ನು ಕೇವಲ ಪರದೇಶದ ವಸ್ತುವೆಂದು ನಾವು ಬಗೆದಿದ್ದುದೂ ಅರ್ಧ ತಿಳಿವಳಿಕೆಯೇ. ಕೋಕೋ ಗಿಡದ ಮೂಲ ಅಮೆರಿಕ ಖಂಡ, ಅಹುದು. ಲಿನೇಯಸ್ ಪಂಡಿತನು ೧೭೫೩ರಲ್ಲಿ ಅದಕ್ಕೆ ದೇವತೆಗಳ ಆಹಾರವೆಂಬ ಅರ್ಥದ ಗ್ರೀಕ್ ಹೆಸರನ್ನಿಟ್ಟನು. ಆದರೆ ಇಂದು ದಕ್ಷಿಣ ಕನ್ನಡದ ಅಡಿಕೆತೋಟಗಳ ನೆರಳಿನಲ್ಲಿ ಅದು ಬೆಳೆಯುತ್ತದೆ. ಅಡಿಕೆ ಬೆಳೆಗಾರರು ೧೯೭೩ರಲ್ಲಿ ಕಟ್ಟಿಕೊಂಡ ಕ್ಯಾಂಪ್ಕೋ ಸಹಕಾರ ಸಂಸ್ಥೆಯು ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನೇ ತೆರೆಯಿತು.

ಅಂಗಡಿಯಲ್ಲಿ ಕೊಳ್ಳುವಾಗ ಹೊದಿಕೆಯ ಮೇಲಿನ ಸಣ್ಣ ಅಕ್ಷರವನ್ನು ಓದಬೇಕು. ಕೋಕೋ ಬೆಣ್ಣೆಯಿರುವುದು ಒಂದು ಬಗೆ. ಅದರ ಬದಲು ಬೇರೆ ಸಸ್ಯಜನ್ಯ ಕೊಬ್ಬನ್ನು ಹಾಕಿದ ಕಾಂಪೌಂಡ್ ಎಂಬುದು ಇನ್ನೊಂದು. ಎರಡನೆಯದನ್ನು ಸುಮ್ಮನೆ ಕರಗಿಸಿ ಅದ್ದಿದರೂ ಹೆಪ್ಪುಗಟ್ಟುತ್ತದೆ, ಆದರೆ ಬಾಯಿಗೆ ಮೇಣದಂತೆ ಹತ್ತುತ್ತದೆ. ಮೊದಲನೆಯದಕ್ಕೆ ಹದ ಬೇಕು. ನಾವು ಮೊದಲನೆಯದನ್ನೇ, ಕಹಿ ಕೊಂಚ ಮುಂದಾಗಿರುವುದನ್ನು, ಮುನ್ನೂರು ಗ್ರಾಂ ತಂದೆವು. ಹೂರಣದ ಸಿಹಿಗೆ ಹೊರಗಿನ ಕಹಿಯೇ ಜೋಡಿ.

ಮೊದಲ ದಿನದ ಕಥೆಯನ್ನು ಹೇಳಿಬಿಡುತ್ತೇವೆ. ಕುದಿಯುವ ನೀರಿನ ಪಾತ್ರೆಯ ಮೇಲೆ ಬೋಗುಣಿಯಿಟ್ಟು ಚೂರುಗಳನ್ನು ಕರಗಿಸಿದೆವು. ಕನ್ನಡಿಯಂತೆ ಹೊಳೆಯುತ್ತಿತ್ತು. ಬೋಗುಣಿಯನ್ನು ಇಳಿಸುವಾಗ ಕೆಳಗಿನ ಹಬೆಯ ನೀರು ನಾಲ್ಕು ಹನಿ ಒಳಕ್ಕೆ ಸಿಡಿಯಿತು. ಅಷ್ಟೆ; ಎರಡು ಸುತ್ತು ತಿರುವುವಷ್ಟರಲ್ಲಿ ಇಡೀ ಪಾಕ ಒಣಮಣ್ಣಿನ ಹೆಂಟೆಯಾಯಿತು. ಚಾಕೊಲೇಟೆಂದರೆ ಕೊಬ್ಬಿನಲ್ಲಿ ತೇಲುವ ಸಕ್ಕರೆ, ಕೋಕೋಗಳ ನುಣ್ಣನೆಯ ಕಣಗಳು. ನೀರಿನ ಹನಿ ಬಿದ್ದೊಡನೆ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದನ್ನೊಂದು ಅಂಟಿ ಹಿಡಿಯುತ್ತವೆ. ಹೀಗೆ ಕೆಟ್ಟುದಕ್ಕೆ ಇನ್ನಷ್ಟು ಬಿಸಿಹಾಲು ಸುರಿದರೆ ಮತ್ತೆ ಸಡಿಲವಾಗುತ್ತದೆ. ಅದ್ದಲು ಬಾರದು, ಕುಡಿಯಲು ಬಹು ಸೊಗಸು. ಅಂದು ತುಂಬಿಟ್ಟಿದ್ದ ಹಣ್ಣುಗಳನ್ನು ಹಾಗೆಯೇ ತಿಂದು, ಲೋಟ ಹಿಡಿದು ಕುಳಿತೆವು. "ಅಮ್ಮಗ ಹಿಂಗ ಆಗಿರಲಿಲ್ಲ" ಎಂದಳು ಗುರುಗಳು.

ಮರುದಿನದ ಕ್ರಮವಿದು. ಹಿಂದಿನ ರಾತ್ರಿಯೇ ಮತ್ತೆ ಮೊಸರು ಕಟ್ಟಿದ್ದೆವು; ಹಣ್ಣೂ ಚಾಕೊಲೇಟೂ ಹೊಸವು. ನೀರು ಕುದಿದ ಮೇಲೆ ಉರಿ ಆರಿಸಿ, ಬೋಗುಣಿಯ ತಳ ನೀರಿಗೆ ತಾಗದಂತೆಯೂ ಹಬೆ ಪಕ್ಕದಿಂದ ನುಸುಳದಂತೆಯೂ ಇಟ್ಟು, ಇನ್ನೂರು ಗ್ರಾಂ ಚೂರುಗಳನ್ನು ಸುಮಾರು ೪೫ ಸೆಂಟಿಗ್ರೇಡಿನವರೆಗೆ ಕಾಯಿಸಿ ಕರಗಿಸಬೇಕು. ಇಳಿಸಿದೊಡನೆ ಬೋಗುಣಿಯ ಹೊರಮೈಯನ್ನು ಒರಸಬೇಕು. ಇದನ್ನು ಮರೆತರೆ ಮೊದಲ ದಿನದ ಕಥೆಯೇ. ಆಮೇಲೆ ಉಳಿದ ನೂರು ಗ್ರಾಂ ಚೂರುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ, ತಿರುವುತ್ತ, ೩೧ ಅಥವಾ ೩೨ಕ್ಕೆ ಇಳಿಯುವವರೆಗೆ ತಾಳ್ಮೆಯಿಂದಿರಬೇಕು. ಕೋಕೋ ಬೆಣ್ಣೆ ಹರಳುಗಟ್ಟುವುದು ಆರು ಬಗೆಗಳಲ್ಲಿ. ಅವುಗಳಲ್ಲಿ ಐದನೆಯದಕ್ಕೆ ಮಾತ್ರ ಹೊಳಪೂ ಕಟಕ್ಕೆಂದು ಮುರಿಯುವ ಗುಣವೂ ಉಂಟು. ಅದು ಕರಗುವುದು ೩೪ರ ಸುಮಾರಿಗೆ, ಎಂದರೆ ಕೈಯಲ್ಲಿ ನಿಂತು ಬಾಯಲ್ಲಿ ಕರಗುತ್ತದೆ. ಹೊಸದಾಗಿ ಹಾಕಿದ ಚೂರುಗಳು ಈ ಐದನೆಯ ಬಗೆಯ ಬೀಜವಾಗಿ, ಹಾಲಿಗೆ ಹೆಪ್ಪಿನಂತೆ, ಉಳಿದುದನ್ನೆಲ್ಲ ತಮ್ಮ ಜಾತಿಗೆ ಸೇರಿಸಿಕೊಳ್ಳುತ್ತವೆ. ಹದ ತಪ್ಪಿದರೆ ಮೇಲೆ ಬೂದಿ ಬಣ್ಣದ ಗೆರೆಗಳೇಳುತ್ತವೆ.

ಉಷ್ಣತೆಯನ್ನು ಅಳೆಯುವ ಬಗೆ ಹೇಗೆ? ನಾವು ಮನೆಯ ಜ್ವರಮಾಪಕವನ್ನು ತಂದು ಬೋಗುಣಿಯ ಹೊರಮೈಗೆ ಹಿಡಿದೆವು. ಅದು ಅಂಕಿಯನ್ನೇ ತೋರಿಸದೆ, ತೀರ ಕಡಿಮೆಯೆಂಬ ಗುರುತನ್ನು ಕೊಟ್ಟಿತು. "ಅಜ್ಜಾ, ಅದಕ್ಕ ಜ್ವರ ಬಂದಿಲ್ಲ!" ಎಂದು ಮೊಮ್ಮಗಳು ಕೈತಟ್ಟಿ ನಕ್ಕಳು. ಅಡಿಗೆಯ ಉಷ್ಣಮಾಪಕವಿಲ್ಲದವರಿಗೆ ತುಟಿಯೇ ಸಾಧನ. ಚಮಚದ ತುದಿಯ ಒಂದು ತೊಟ್ಟನ್ನು ಕೆಳತುಟಿಗೆ ತಾಗಿಸಿದರೆ ಬಿಸಿಯೆನಿಸಬಾರದು, ಕೊಂಚ ತಣ್ಣಗೆನಿಸಬೇಕು. ಚೂರಿಯ ಅಲಗಿಗೆ ಸ್ವಲ್ಪ ಸವರಿಟ್ಟರೆ ಐದು ನಿಮಿಷದೊಳಗೆ ಹೊಳಪಿನಿಂದ ಗಟ್ಟಿಯಾಗಬೇಕು. ಬೇಸಗೆಯಲ್ಲಿ ಇದನ್ನು ಮಾಡಹೊರಟರೆ ಸೆಕೆಯೇ ಹದವನ್ನು ಕೆಡಿಸುತ್ತದೆ. ಹಣ್ಣು ಬರುವ ಕಾಲವೂ ಕೈ ಆಡುವ ಕಾಲವೂ ಒಂದೇ ಆಗಿರುವುದು ನಮ್ಮ ಪುಣ್ಯ.

ಹಣ್ಣಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಕೊಯ್ದ ಅಂಚಿಗಿಂತ ಬೆರಳಗಲ ಕೆಳಗಿನವರೆಗೆ ಮುಳುಗಿಸಿ, ಎತ್ತಿ ಒಂದು ಸುತ್ತು ತಿರುಗಿಸಿ, ತುದಿಯ ತೊಟ್ಟನ್ನು ಬೋಗುಣಿಯ ಬಾಯಿಗೆ ಸವರಿ ತೆಗೆಯಬೇಕು. ಚೂಪು ತುದಿಯ ಹಣ್ಣು ನೆಟ್ಟಗೆ ನಿಲ್ಲುವುದೆಲ್ಲಿ? ಇಲ್ಲಿ ನಮ್ಮದೇ ಒಂದು ಸಂಶೋಧನೆಯನ್ನು ನಿವೇದಿಸುತ್ತೇವೆ: ಪಡ್ಡಿನ ಹಂಚು. ಪ್ರತಿ ಕುಳಿಗೂ ಬಟರ್ ಪೇಪರಿನ ತುಂಡು ಹಾಸಿ ಒಂದೊಂದನ್ನು ನಿಲ್ಲಿಸಿದೆವು, ಒಂದೂ ಹೊರಳಲಿಲ್ಲ. ತಮ್ಮ ಹಂಚಿಗೆ ಒದಗಿದ ಗತಿಯನ್ನು ಕಂಡು ನಮ್ಮ ಮನೆಯವರು ಏನೋ ಹೇಳಹೊರಟವರು ಹೇಳದೆ ಹೋದರು. ಹತ್ತು ನಿಮಿಷವಾದ ಮೇಲೆ ಎಲೆಯ ಮುಚ್ಚಳಗಳನ್ನು ಮೇಲಿಟ್ಟರೆ ಮುಗಿಯಿತು. ಮಾಡಿದ ದಿನವೇ, ಆದರೆ ಎರಡು ಮೂರು ಗಂಟೆಯೊಳಗೆ, ತಿಂದುಬಿಡತಕ್ಕದ್ದು. ರಾತ್ರಿ ಶೀತಪೆಟ್ಟಿಗೆಯಲ್ಲಿಟ್ಟರೆ ಹಣ್ಣು ಒಳಗೆ ರಸ ಬಿಡುತ್ತದೆ; ಬೆಳಗ್ಗೆ ಹೊರತೆಗೆದಾಗ ಹೊದಿಕೆ ಬೆವರುತ್ತದೆ.

ಸಂಜೆ ಐದರ ಬಸ್ಸಿಗೆ ಸೊಸೆ ಬಂದಳು. ಕೈಕಾಲು ತೊಳೆದುಕೊಂಡು ಬಂದವಳ ಮುಂದೆ ತಟ್ಟೆಯನ್ನು ನಾವೇ ಇಟ್ಟೆವು. ಹೇಳಬೇಕೆಂದು ಎರಡು ದಿನದಿಂದ ಅಣಿಮಾಡಿಕೊಂಡಿದ್ದ ವಾಕ್ಯ ಬಾಯಿಗೆ ಬರಲಿಲ್ಲ. "ಹೋದ ವರ್ಷ ನಾ ಆಡಿದ ಮಾತು ತಪ್ಪಾತವಾ" ಎಂದಷ್ಟೇ ಹೇಳಿದೆವು. ಅವಳು ಬಹಳ ಹೊತ್ತು ತಟ್ಟೆಯನ್ನೇ ನೋಡುತ್ತಿದ್ದು, ಒಂದನ್ನೆತ್ತಿ ಕಚ್ಚಿದಳು. ಹೊದಿಕೆ ಕಟಕ್ಕೆಂದುದು ನಮಗೂ ಕೇಳಿಸಿತು.

"ಮಾವನವರ, ಚಾಕೊಲೇಟಿನ ಹದ ಬರೋಬ್ಬರಿ ಬಂದದ. ಹಣ್ಣು ಒಳಗ ಇನ್ನೊಂದೀಟು ಒರಸಬೇಕಿತ್ತು ನೋಡ್ರಿ, ಚಕ್ಕಾ ಸಡಲಾಗೇದ" ಎಂದಳು. ನೋಡಿದರೆ ನಿಜ, ಕಚ್ಚಿದ ಕಡೆಯಿಂದ ಹೂರಣ ಬೆರಳಿಗೆ ಇಳಿಯುತ್ತಿತ್ತು. ಅವಳು ಎದ್ದು ಅಡಿಗೆಮನೆಗೆ ಹೋಗಿ, ಬೋಗುಣಿಯಲ್ಲಿ ಉಳಿದಿದ್ದ ಚಾಕೊಲೇಟನ್ನು ಕಂಡು, ಮಗಳನ್ನು ಕರೆದು ಡಬ್ಬಿಯೊಳಗಿನ ಅಂಜೂರವನ್ನು ತರಹೇಳಿದಳು. ಅಂಜೂರದ ಹೊಟ್ಟೆ ಸೀಳಿ ಖೋವಾ ತುಂಬಿದರೆ ನೀರಿನ ಕಾಟವೇ ಇರುವುದಿಲ್ಲವಂತೆ. ಆ ಪ್ರಯೋಗ ರಾತ್ರಿ ಊಟದ ಹೊತ್ತಿಗೆ ಮುಗಿಯಿತು. ಅದರ ಅಳತೆಗಳನ್ನು ಅವಳಿಂದಲೇ ಬರೆಯಿಸಿ ಮುಂದಿನ ತಿಂಗಳು ಕೊಡುತ್ತೇವೆ.